0.262 ನೆಕ್‌ನ ನಳಿಗೆಗೆ ಕೇಸ್ ಹೆರೆಯುವಾಗ ಗೋಡೆಯ ದಪ್ಪ ಜಾರುತ್ತಿದೆ: ಕಾರಣ ಏನಿರಬಹುದು?

ಗುರಿಗಾರ (ಪ್ರಶ್ನೆ)

ಬೆಂಚ್‌ರೆಸ್ಟ್ (ರೈಫಲನ್ನು ಮೇಜಿನ ಮೇಲೆ ಆನಿಸಿ ಗುಂಡುಗಳನ್ನು ಅತಿ ಸಣ್ಣ ಗುಂಪಾಗಿ ಹೊಡೆಯುವ) ಸ್ಪರ್ಧೆಗಾಗಿ ಕೊಂಡ, 6 ಪಿಪಿಸಿ ತೋಟಾ ಬಳಸುವ ರೈಫಲ್ ಒಂದಕ್ಕೆ .220 ರಷ್ಯನ್ ತೋಟಾದ ಕೇಸ್‌ಗಳನ್ನು (ಹಿತ್ತಾಳೆಯ ಕೋಶಗಳನ್ನು) ಸಿದ್ಧಪಡಿಸುತ್ತಿದ್ದೇನೆ. ನಳಿಗೆಯ ಮೇಲೆ ಚೇಂಬರಿನ (ತೋಟಾ ಕೂರುವ ಜಾಗ) ನೆಕ್ (ಗುಂಡನ್ನು ಹಿಡಿಯುವ ಕೇಸ್‌ನ ಕತ್ತು ಕೂರುವ ಭಾಗ) ಅಳತೆಯನ್ನು 0.262 ಇಂಚು ಎಂದು ಕೆತ್ತಿದ್ದಾರೆ. ಗುಂಡಿನ ವ್ಯಾಸ 0.243 ಇಂಚು. ನೆಕ್‌ನ ಗೋಡೆಯನ್ನು 0.0085 ಇಂಚಿಗೆ ಹೆರೆದರೆ, ಗುಂಡು ಕೂರಿಸಿದ ಮೇಲೆ ನೆಕ್‌ನ ಹೊರವ್ಯಾಸ 0.260 ಆಗುತ್ತದೆ ಮತ್ತು ಚೇಂಬರಿನಲ್ಲಿ ಒಟ್ಟು 0.002 ಇಂಚು ಸಡಿಲು ಉಳಿಯುತ್ತದೆ. ಈ ಲೆಕ್ಕವನ್ನು ಇಟ್ಟುಕೊಂಡೇ ಕೆಲಸಕ್ಕೆ ಇಳಿದಿದ್ದೇನೆ. ಇದರಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ದಯವಿಟ್ಟು ತಿಳಿಸಿ.

ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ಮೊದಲು ಎಕ್ಸ್‌ಪ್ಯಾಂಡರ್ ಮ್ಯಾಂಡ್ರೆಲ್‌ನಿಂದ (ನೆಕ್‌ನೊಳಗೆ ತೂರಿಸುವ ದುಂಡು ಕಡ್ಡಿ) ನೆಕ್ ಅನ್ನು ಹಿಗ್ಗಿಸುತ್ತೇನೆ, ಬಳಿಕ ಎಲ್ಲ ಕೇಸ್‌ಗಳನ್ನೂ ಒಂದೇ ಉದ್ದಕ್ಕೆ ಕತ್ತರಿಸಿ ಬಾಯಿಯ ಒಳಹೊರಗಿನ ಚೂಪನ್ನು ತೆಗೆಯುತ್ತೇನೆ. ಅನಂತರ ಕೇಸ್ ಅನ್ನು ಹೋಲ್ಡರಿನಲ್ಲಿ ಬಿಗಿದು, ಸಣ್ಣ ವಿದ್ಯುತ್ ಸ್ಕ್ರೂಡ್ರೈವರ್‌ನಿಂದ ನಿಧಾನವಾಗಿ ತಿರುಗಿಸುತ್ತಾ, ಟರ್ನಿಂಗ್ ಉಪಕರಣವನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೆರೆಯುತ್ತೇನೆ. ಹೆರೆಯುವಾಗ ನೆಕ್‌ನ ಒಳಗೆ ಕೂರುವ, ಈ ಉಪಕರಣದ ಮ್ಯಾಂಡ್ರೆಲ್ ಉಕ್ಕಿನದು. ಕೆಲವು ಕೇಸ್‌ಗಳಿಗೊಮ್ಮೆ ಅದರ ಮೇಲೆ ಒಂದು ಹನಿ ತೆಳು ಎಣ್ಣೆ ಬಿಡುತ್ತೇನೆ.

ತೊಂದರೆ ಇಷ್ಟು. ಕೂತ ತಕ್ಷಣ ಹೆರೆದ ಕೇಸ್‌ಗಳು ಬಾಲ್ ಮೈಕ್ರೊಮೀಟರಿನಲ್ಲಿ (ಗೋಳಾಕಾರದ ತುದಿಯಿಂದ ದಪ್ಪ ಅಳೆಯುವ ಸಾಧನ) 0.0085 ತೋರಿಸುತ್ತವೆ. ಕೆಲಸ ಮುಂದುವರಿದಂತೆ ಅಳತೆ ಮೆಲ್ಲಗೆ ಇಳಿಯುತ್ತಾ ಕೊನೆಯ ಕೇಸ್‌ಗಳಲ್ಲಿ 0.0083ಕ್ಕೆ ಬಂದು ನಿಲ್ಲುತ್ತದೆ. ಕಟರ್‌ನ ಲಾಕ್ ಸ್ಕ್ರೂ ಅಲುಗಾಡಿಲ್ಲ, ಗುರುತು ಹಾಕಿ ನೋಡಿದ್ದೇನೆ. ಇದರ ಜೊತೆಗೆ, ಒಂದೇ ನೆಕ್‌ನ ಸುತ್ತ ನಾಲ್ಕು ಕಡೆ ಅಳೆದರೆ ಒಂದು ಟೆಂತ್, ಕೆಲವೊಮ್ಮೆ ಎರಡು ಟೆಂತ್ (0.0001 ಇಂಚನ್ನು ಟೆಂತ್ ಎನ್ನುತ್ತಿದ್ದೇನೆ) ವ್ಯತ್ಯಾಸ ಕಾಣುತ್ತದೆ. ಹೆರೆದ ಮೇಲೂ ವ್ಯತ್ಯಾಸ ಉಳಿಯುವುದಾದರೆ ಈ ಶ್ರಮವೆಲ್ಲ ಏತಕ್ಕೆ ಎನ್ನುವ ಪ್ರಶ್ನೆಯೂ ಇದೆ.

ಇನ್ನೆರಡು ಸಣ್ಣ ಪ್ರಶ್ನೆಗಳು: ಕಟರ್ ಅನ್ನು ಶೋಲ್ಡರಿನ (ನೆಕ್‌ನ ಬುಡದಿಂದ ಕೇಸ್ ಇಳಿಜಾರಾಗಿ ಅಗಲವಾಗುವ ಭಾಗ) ಮೇಲೆ ಎಷ್ಟು ದೂರ ಬಿಡಬೇಕು? ಮತ್ತು ಕಾರ್ಖಾನೆಯ ಚೇಂಬರ್ ಇರುವ .308 ರೈಫಲ್‌ನ ಕೇಸ್‌ಗಳಿಗೂ ಹೀಗೆ ಮಾಡುವುದರಿಂದ ಪ್ರಯೋಜನವಿದೆಯೇ?

ತಿರುಗಣಿ (ಉತ್ತರ)

ಗುರಿಗಾರ ಅವರೇ, ನಿಮ್ಮ ಮೊದಲ ತೊಂದರೆಯ ಹೆಸರು ಶಾಖ. ಹಿತ್ತಾಳೆಯನ್ನು ಹೆರೆಯುವಾಗಲೂ ನೆಕ್ ಮ್ಯಾಂಡ್ರೆಲ್‌ಗೆ ಉಜ್ಜುವಾಗಲೂ ಹುಟ್ಟುವ ಬಿಸಿ ಮ್ಯಾಂಡ್ರೆಲ್‌ನಲ್ಲಿ ಸೇರಿಕೊಳ್ಳುತ್ತದೆ. ಕೇಸ್ ಬದಲಾಗುತ್ತಾ ಹೋಗುತ್ತದೆ, ಮ್ಯಾಂಡ್ರೆಲ್ ಮಾತ್ರ ಅದೇ ಇರುತ್ತದೆ. ಅದು ಹಿಗ್ಗಿದಾಗ ಅದರ ಮೈ ಕಟರ್‌ನ ಅಂಚಿಗೆ ಹತ್ತಿರವಾಗುತ್ತದೆ, ನಡುವಿನ ಸಂದು ಕಿರಿದಾಗುತ್ತದೆ, ಗೋಡೆ ತೆಳುವಾಗುತ್ತದೆ. ನೀವು ಹೇಳಿದ ದಿಕ್ಕು ಇದಕ್ಕೆ ಸರಿಯಾಗಿ ಹೊಂದುತ್ತದೆ. ಉಪಕರಣ ಮುಟ್ಟಿದರೆ ಬೆಚ್ಚಗಾಗುವಷ್ಟರಲ್ಲಿ ಕೆಲಸ ನಿಲ್ಲಿಸಿ. ಎರಡು ಮ್ಯಾಂಡ್ರೆಲ್‌ಗಳಿದ್ದರೆ ಒಂದು ತಣಿಯುವಾಗ ಇನ್ನೊಂದನ್ನು ಬಳಸಬಹುದು ಎಂದು ಕೆಲವರು ಹೇಳುತ್ತಾರೆ, ಆದರೆ ಎರಡೂ ಟೆಂತ್ ಮಟ್ಟದಲ್ಲಿ ಒಂದೇ ಗಾತ್ರವಿರುವುದು ಅಪರೂಪವಾದ್ದರಿಂದ ಆ ಸಲಹೆ ನನಗೆ ಒಪ್ಪಿಗೆಯಿಲ್ಲ.

ಸ್ಕ್ರೂಡ್ರೈವರ್ ಬಳಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ಕೈಯಿಂದ ತಿರುಗಿಸುವವರಿಗಿಂತ ಅದರಿಂದ ತಿರುಗಿಸುವವರ ಕೇಸ್‌ಗಳು ಹೆಚ್ಚು ನಯವಾಗಿರುವುದನ್ನು ನೋಡಿದ್ದೇನೆ, ಏಕೆಂದರೆ ವೇಗ ಒಂದೇ ಸಮನಾಗಿರುತ್ತದೆ. ವೇಗಕ್ಕಿಂತ ಉಪಕರಣವನ್ನು ಮುಂದೊತ್ತುವ ಗತಿ ಮುಖ್ಯ. ಅವಸರದಲ್ಲಿ ಒತ್ತಿದರೆ ನೆಕ್‌ನ ಮೇಲೆ ಸ್ಕ್ರೂವಿನ ಎಳೆಯಂತಹ ಸುರುಳಿ ಗೆರೆ ಬೀಳುತ್ತದೆ, ಆಗ ಮೈಕ್ರೊಮೀಟರು ಅಳೆಯುವುದು ಆ ಗೆರೆಗಳ ದಿಬ್ಬವನ್ನೇ ಹೊರತು ನಿಜವಾದ ಗೋಡೆಯನ್ನಲ್ಲ. ಎರಡು ಹಂತದಲ್ಲಿ ಹೆರೆಯಿರಿ: ಮೊದಲ ಸಲ ಬೇಕಾದ ದಪ್ಪಕ್ಕಿಂತ ಒಂದು ಥೌ, ಅಂದರೆ 0.001 ಇಂಚು, ಹೆಚ್ಚು ಉಳಿಸಿ. ಎಲ್ಲ ಕೇಸ್‌ಗಳೂ ತಣಿದ ಮೇಲೆ ಕಟರ್ ಅನ್ನು ಕೊನೆಯ ಅಳತೆಗೆ ಹೊಂದಿಸಿ ಎರಡನೆಯ ಸಲ ಹೆರೆಯಿರಿ. ಕೊನೆಯ ಕಟ್ ಎಷ್ಟು ತೆಳುವೋ ಬಿಸಿಯೂ ಅಷ್ಟು ಕಡಿಮೆ, ಉಪಕರಣ ಬಾಗುವುದೂ ಅಷ್ಟು ಕಡಿಮೆ.

ಅಳತೆಗಾರ (ಉತ್ತರ)

ತಿರುಗಣಿ ಅವರ ಮಾತನ್ನು ಪೂರ್ತಿ ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಆದರೆ ಶಾಖದ ಹಿಗ್ಗುವಿಕೆಯೊಂದರಿಂದಲೇ ಎರಡು ಟೆಂತ್ ಇಳಿಯಿತು ಎನ್ನುವುದು ಲೆಕ್ಕಕ್ಕೆ ಕೂಡುವುದಿಲ್ಲ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. 6 ಎಂಎಂ ಎಂದು ಕರೆಯುವ ಮ್ಯಾಂಡ್ರೆಲ್‌ನ ತ್ರಿಜ್ಯ ಸುಮಾರು 3.07 ಮಿಲಿಮೀಟರ್. ಅದು 30 ಡಿಗ್ರಿ ಬಿಸಿಯೇರಿದರೆ ತ್ರಿಜ್ಯ 0.0011 ಮಿಲಿಮೀಟರ್ ಹೆಚ್ಚುತ್ತದೆ. ಅಂದರೆ ಅರ್ಧ ಟೆಂತ್‌ಗೂ ಕಡಿಮೆ. ಎರಡು ಟೆಂತ್ ಎಂದರೆ ಸುಮಾರು 0.005 ಮಿಲಿಮೀಟರ್, ಅದಕ್ಕೆ ಮ್ಯಾಂಡ್ರೆಲ್ 130 ಡಿಗ್ರಿಗಿಂತಲೂ ಹೆಚ್ಚು ಬಿಸಿಯಾಗಬೇಕು. ಅಷ್ಟು ಬಿಸಿಯಾದ ಉಪಕರಣವನ್ನು ಯಾರೂ ಬರಿಗೈಯಲ್ಲಿ ಹಿಡಿದುಕೊಂಡಿರಲಾರರು. ಇದಲ್ಲದೆ ಉಪಕರಣದ ಒಡಲು ಅಲ್ಯೂಮಿನಿಯಂನದಾದರೆ ಅದು ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗಿ ಕಟರ್ ಅನ್ನು ಮ್ಯಾಂಡ್ರೆಲ್‌ನಿಂದ ದೂರ ಒಯ್ಯುತ್ತದೆ, ಅಂದರೆ ಗೋಡೆಯನ್ನು ದಪ್ಪವಾಗಿಸುವ ದಿಕ್ಕಿಗೆ ಎಳೆಯುತ್ತದೆ.

ನನ್ನ ಅನುಮಾನ ಬೇರೆ. ಉಕ್ಕಿನ ಮ್ಯಾಂಡ್ರೆಲ್, ತೆಳು ಎಣ್ಣೆ, ಅದೂ ಕೆಲವು ಕೇಸ್‌ಗಳಿಗೊಮ್ಮೆ ಎಂದು ಬರೆದಿದ್ದೀರಿ. ಇಂತಹ ಸ್ಥಿತಿಯಲ್ಲಿ ನೆಕ್‌ನ ಒಳಮೈಯ ಹಿತ್ತಾಳೆ ಕಿತ್ತುಬಂದು ಮ್ಯಾಂಡ್ರೆಲ್‌ಗೆ ಮೆತ್ತಿಕೊಳ್ಳುತ್ತದೆ. ಗಾಲಿಂಗ್ ಎಂದು ಲೇತ್‌ನವರು ಹೇಳುವುದು ಇದನ್ನೇ. ಮೆತ್ತಿಕೊಂಡ ಹಿತ್ತಾಳೆ ನೆಕ್ ಅನ್ನು ಕಟರ್‌ನ ಕಡೆಗೆ ತಳ್ಳುತ್ತದೆ, ಗೋಡೆ ತೆಳುವಾಗುತ್ತದೆ. ಹೊಸ ಕೇಸ್‌ಗಳ ನೆಕ್ ಅನೀಲ್ ಆಗಿ (ಕಾಯಿಸಿ ಮೆದುಗೊಳಿಸಿ) ಮೆತ್ತಗಿರುವುದರಿಂದ ಮೆತ್ತಿಕೊಳ್ಳುವ ಸ್ವಭಾವ ಅವುಗಳಿಗೆ ಇನ್ನೂ ಹೆಚ್ಚು.

ಇವೆರಡರಲ್ಲಿ ಯಾವುದೆಂದು ಕಂಡುಹಿಡಿಯುವುದು ಸುಲಭ. ಉಪಕರಣವನ್ನು ರಾತ್ರಿಯಿಡೀ ತಣಿಯಲು ಬಿಟ್ಟು, ಏನನ್ನೂ ಮುಟ್ಟದೆ, ಮರುದಿನ ಒಂದು ಕೇಸ್ ಹೆರೆದು ನೋಡಿ. ಅಳತೆ 0.0085ಕ್ಕೆ ಮರಳಿದರೆ ಶಾಖ; 0.0083ರಲ್ಲೇ ಇದ್ದರೆ ಗಾಲಿಂಗ್. ಒಳ್ಳೆಯ ಬೆಳಕಿನಲ್ಲಿ ಮ್ಯಾಂಡ್ರೆಲ್‌ನ ಮೈಯನ್ನೂ ಕೇಸ್‌ನ ಬಾಯಿಯ ಒಳಭಾಗವನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿ.

ಗುರಿಗಾರ

ಅಳತೆಗಾರ ಅವರು ಹೇಳಿದ ಪರೀಕ್ಷೆಯನ್ನು ಮಾಡಿದೆ. ತಣ್ಣಗಿನ ಉಪಕರಣದಲ್ಲಿ ಹೆರೆದ ಕೇಸ್ 0.0083 ತೋರಿಸಿತು. ಮ್ಯಾಂಡ್ರೆಲ್‌ನ ತುದಿಯಿಂದ ಸ್ವಲ್ಪ ಒಳಗೆ, ಕಟರ್‌ನ ಎದುರಿಗೆ ಬರುವ ಜಾಗದಲ್ಲಿ, ಹಳದಿ ಬಣ್ಣದ ಸಣ್ಣ ಪಟ್ಟಿ ಕಾಣುತ್ತದೆ. ಉಗುರಿನಿಂದ ಎಳೆದರೆ ತುಸು ತಡೆಯುತ್ತದೆ. ಕೊನೆಯ ಕೇಸ್‌ಗಳ ನೆಕ್‌ನ ಒಳಗೆ ಉದ್ದುದ್ದ ಗೀರುಗಳೂ ಇವೆ. ಹಾಗಾದರೆ ಮ್ಯಾಂಡ್ರೆಲ್ ಕೆಟ್ಟಿತೇ, ಅಥವಾ ಶುಚಿಗೊಳಿಸಿ ಬಳಸಬಹುದೇ?

ಅಳತೆಗಾರ

ಮ್ಯಾಂಡ್ರೆಲ್ ಕೆಟ್ಟಿಲ್ಲ, ಹಿತ್ತಾಳೆ ಅಂಟಿದೆ ಅಷ್ಟೆ. ಅದನ್ನು ಸ್ಕ್ರೂಡ್ರೈವರಿಗೆ ಕಚ್ಚಿಸಿ ತಿರುಗಿಸುತ್ತಾ ಅತಿ ನಯವಾದ ಉಕ್ಕಿನ ನಾರಿಗೆ ಎಣ್ಣೆ ಹಚ್ಚಿ ಉಜ್ಜಿದರೆ ಬಹುತೇಕ ಬಿಡುತ್ತದೆ. ಒರಟು ಎಮೆರಿ ಕಾಗದವನ್ನು ಮುಟ್ಟಿಸಬೇಡಿ, ಅದು ಮ್ಯಾಂಡ್ರೆಲ್‌ನ ಗಾತ್ರವನ್ನೇ ಕಡಿಮೆ ಮಾಡುತ್ತದೆ. ಮಂಕಾದ ಕಲೆ ಉಳಿದರೆ, ನಳಿಗೆಯ ತಾಮ್ರ ತೆಗೆಯಲು ಬಳಸುವ ಅಮೋನಿಯಾ ಇರುವ ದ್ರಾವಣವನ್ನು ಬಟ್ಟೆಯ ಚೂರಿನಲ್ಲಿ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಅದು ಹಿತ್ತಾಳೆಯನ್ನು ಕರಗಿಸುತ್ತದೆ, ಉಕ್ಕಿಗೆ ಏನೂ ಮಾಡುವುದಿಲ್ಲ. ಆಮೇಲೆ ಚೆನ್ನಾಗಿ ಒರೆಸಿ ಎಣ್ಣೆ ಹಚ್ಚಿಡಿ.

ಆ ದ್ರಾವಣ ಕೇಸ್‌ಗಳ ಹತ್ತಿರ ಸುಳಿಯಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ. ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು ಇರುವ ಕೇಸ್ ಹಿತ್ತಾಳೆ, ಒಳಗೆ ಸೆಳೆತ ಉಳಿದಿರುವಾಗ ಅಮೋನಿಯಾದ ಸಂಪರ್ಕಕ್ಕೆ ಬಂದರೆ ತಾನಾಗಿಯೇ ಬಿರುಕು ಬಿಡುತ್ತದೆ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಸಂಗ್ರಹಿಸಿಟ್ಟಿದ್ದ ತೋಟಾಗಳು ಹೀಗೆ ಸೀಳುತ್ತಿದ್ದವು, ಕುದುರೆಗಳ ಮೂತ್ರದಿಂದ ಬರುವ ಅಮೋನಿಯಾವೇ ಕಾರಣವೆಂದು 1921ರಲ್ಲಿ ವಿವರಣೆ ದೊರೆಯಿತು. ಹಿಗ್ಗಿಸಿ, ಹೆರೆದು, ಮತ್ತೆ ಕುಗ್ಗಿಸಿದ ನೆಕ್‌ನಲ್ಲಿ ಸೆಳೆತಕ್ಕೆ ಕೊರತೆಯಿರುವುದಿಲ್ಲ.

ಇನ್ನು ಮರುಕಳಿಸದಂತೆ ನೋಡಿಕೊಳ್ಳುವ ಬಗೆ. ತೆಳು ಎಣ್ಣೆ ಬಿಟ್ಟು, ಒತ್ತಡದಲ್ಲೂ ಪದರವಾಗಿ ನಿಲ್ಲುವ ದಪ್ಪನೆಯ ಲೂಬ್ರಿಕೆಂಟ್ ಬಳಸಿ. ಕೇಸ್ ಸೈಜ್ ಮಾಡುವಾಗ (ಅಚ್ಚಿನಲ್ಲಿ ಒತ್ತಿ ಮತ್ತೆ ಅಳತೆಗೆ ಕುಗ್ಗಿಸುವಾಗ) ಹಚ್ಚುವ ಮೇಣವೂ ನಡೆಯುತ್ತದೆ. ಪ್ರತಿ ಕೇಸಿಗೂ ಹತ್ತಿಕಡ್ಡಿಯಿಂದ ನೆಕ್‌ನ ಒಳಗೆ ಹಚ್ಚಬೇಕು. ಪ್ರತಿ ಕೇಸ್ ಆದ ಮೇಲೂ ಮ್ಯಾಂಡ್ರೆಲ್ ಅನ್ನು ಒರೆಸಬೇಕು, ಏಕೆಂದರೆ ಕಟರ್ ಉದುರಿಸುವ ಹಿತ್ತಾಳೆಯ ನವಿರು ಚೂರುಗಳು ಎಣ್ಣೆಗೆ ಅಂಟಿ ಮುಂದಿನ ಕೇಸ್‌ನ ಒಳಗೆ ಸಿಕ್ಕಿಕೊಳ್ಳುತ್ತವೆ. ಒಂದೇ ಒಂದು ಚೂರು ನೆಕ್ ಮತ್ತು ಮ್ಯಾಂಡ್ರೆಲ್‌ನ ನಡುವೆ ಉಳಿದರೆ ಅದರ ದಪ್ಪದಷ್ಟೂ ಆ ಜಾಗದಲ್ಲಿ ಗೋಡೆ ತೆಳುವಾಗುತ್ತದೆ. ಹಣ ಖರ್ಚು ಮಾಡಲು ಮನಸ್ಸಿದ್ದರೆ ಕಾರ್ಬೈಡ್ ಮ್ಯಾಂಡ್ರೆಲ್ ಕೊಳ್ಳಿ. ಹಿತ್ತಾಳೆ ಅದಕ್ಕೆ ಅಷ್ಟು ಸುಲಭವಾಗಿ ಮೆತ್ತಿಕೊಳ್ಳುವುದಿಲ್ಲ, ಹಿಗ್ಗುವುದೂ ಉಕ್ಕಿಗಿಂತ ಬಹಳ ಕಡಿಮೆ. ಈ ಇಡೀ ಉಪಕರಣದಲ್ಲಿ ನಾನು ಹಣ ಹಾಕಲು ಒಪ್ಪುವ ಭಾಗ ಅದೊಂದೇ.

ತಿರುಗಣಿ

ಅಳತೆಗಾರ ಅವರ ಲೆಕ್ಕವನ್ನು ಒಪ್ಪುತ್ತೇನೆ. ಆದರೂ ಶಾಖಕ್ಕೆ ಇದರಲ್ಲಿ ಪಾಲಿದೆ. ಬಿಸಿ ಮ್ಯಾಂಡ್ರೆಲ್‌ನ ಮೇಲೆ ತಣ್ಣಗಿನ ಹೊಸ ಕೇಸ್ ಏರಿಸಿದಾಗ ಎರಡರ ನಡುವಿನ ಸಡಿಲು ಒಂದು ಟೆಂತ್‌ನಷ್ಟು ಕಡಿಮೆಯಾಗಿರುತ್ತದೆ. ಮೊದಲೇ ಬಿಗಿಯಿದ್ದ ಹೊಂದಿಕೆ ಇನ್ನೂ ಬಿಗಿಯಾಗಿ ಉಜ್ಜುತ್ತದೆ, ಅಲ್ಲಿಂದ ಹಿತ್ತಾಳೆ ಕೀಳಲು ಆರಂಭಿಸುತ್ತದೆ.

ಹೊಂದಿಕೆಯ ಮಾತು ಬಂದದ್ದರಿಂದ ನಿಮ್ಮ ಎರಡನೆಯ ತೊಂದರೆಗೂ ಇಲ್ಲೇ ಉತ್ತರಿಸುತ್ತೇನೆ. ಹಿಗ್ಗಿಸುವ ಮ್ಯಾಂಡ್ರೆಲ್ ಹೆರೆಯುವ ಮ್ಯಾಂಡ್ರೆಲ್‌ಗಿಂತ ಸುಮಾರು ಒಂದು ಥೌ ದೊಡ್ಡದಿರುತ್ತದೆ. ಹಿಗ್ಗಿಸಿದ ಹಿತ್ತಾಳೆ ತುಸು ಹಿಂದಕ್ಕೆ ಕುಗ್ಗುವುದರಿಂದ ಆ ಲೆಕ್ಕ ಬೇಕು. ನೆಕ್ ಅನ್ನು ಬೆರಳಿನಿಂದ ಒತ್ತಿ ಮ್ಯಾಂಡ್ರೆಲ್‌ಗೆ ಏರಿಸುವಾಗ ಎಣ್ಣೆಯ ಪದರ ಜಾರಿದ ಅನುಭವವಾಗಬೇಕು. ಅತ್ತಿತ್ತ ಅಲ್ಲಾಡಿದರೆ ಸಡಿಲ, ತಿರುಗಿಸಲು ಹಿಡಿತ ಬೇಕಾದರೆ ಬಿಗಿ. ಸಡಿಲವಿದ್ದರೆ ಕಟರ್‌ನ ಒತ್ತಡಕ್ಕೆ ನೆಕ್ ಒಮ್ಮೆ ಕೂತು ಒಮ್ಮೆ ಎದ್ದು, ಸುತ್ತಳತೆಯಲ್ಲಿ ದಪ್ಪ ಏರಿಳಿಯುತ್ತದೆ. ಹಿಗ್ಗಿಸಿದ ಕೇಸ್‌ಗಳನ್ನು ದಿನಗಟ್ಟಲೆ ಇಡದೆ ಅಂದೇ ಹೆರೆಯುವುದು ಒಳ್ಳೆಯ ಅಭ್ಯಾಸ.

ಇನ್ನೊಂದು ಕಾರಣ ಹಿಡಿತದಲ್ಲಿದೆ. ಕೇಸ್ ಹೋಲ್ಡರಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಉಪಕರಣವನ್ನೂ ಮುಷ್ಟಿ ಬಿಗಿದು ಹಿಡಿದರೆ ಎರಡರ ಅಕ್ಷಗಳು ಒಂದನ್ನೊಂದು ಬಗ್ಗಿಸುತ್ತವೆ. ಉಪಕರಣ ಸುತ್ತಿಹೋಗದಷ್ಟು ಮಾತ್ರ ಹಿಡಿಯಿರಿ. ನೆಕ್ ತಾನಾಗಿಯೇ ಮ್ಯಾಂಡ್ರೆಲ್‌ನ ನೇರಕ್ಕೆ ಬರಲು ಬಿಡಿ. ತೇಲುವ ಹೋಲ್ಡರ್‌ಗಳನ್ನು ಮಾಡಿರುವುದೇ ಇದಕ್ಕಾಗಿ.

ಅಳತೆಗಾರ

ಮೈಕ್ರೊಮೀಟರಿನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಉಪಕರಣದ ಅತಿ ಸಣ್ಣ ಗೆರೆಯೇ ಒಂದು ಟೆಂತ್ ಆಗಿರುವಾಗ, ಒಂದು ಟೆಂತ್ ವ್ಯತ್ಯಾಸವನ್ನು ವ್ಯತ್ಯಾಸವೆಂದು ಪರಿಗಣಿಸಬೇಡಿ. ಒಂದೇ ಕೇಸ್‌ನ ಒಂದೇ ಬಿಂದುವಿಗೆ ಮಸಿಯಿಂದ ಗುರುತು ಹಾಕಿ, ಹಲವು ಬಾರಿ ತೆಗೆದು ಮತ್ತೆ ಅಳೆಯಿರಿ. ಆ ಓದುಗಳು ತಮ್ಮೊಳಗೆ ಎಷ್ಟು ಹರಡುತ್ತವೆಯೋ ಅಷ್ಟು ನಿಮ್ಮ ಕೈಯ ಮತ್ತು ಉಪಕರಣದ ಪಾಲು. ರ‍್ಯಾಚೆಟ್ ಅನ್ನು ಬಳಸಿ ಅಥವಾ ಒಂದೇ ಹಗುರ ಒತ್ತಡವನ್ನು ರೂಢಿಸಿಕೊಳ್ಳಿ. ಮೆತ್ತನೆಯ ಹಿತ್ತಾಳೆ ಗೋಳಾಕಾರದ ತುದಿಗೆ ಸುಲಭವಾಗಿ ತಗ್ಗುತ್ತದೆ. ಬಾಯಿಯ ಅಂಚಿನ ಚೂಪು ಉಳಿದಿದ್ದರೂ ಓದು ಕೆಡುತ್ತದೆ, ಆದ್ದರಿಂದ ಅಂಚಿನಿಂದ ಒಂದೆರಡು ಮಿಲಿಮೀಟರ್ ಒಳಗೆ ಅಳೆಯಿರಿ. ಚಪ್ಪಟೆ ದವಡೆಯ ಕ್ಯಾಲಿಪರ್‌ನಿಂದ ಗೋಡೆಯ ದಪ್ಪ ಅಳೆಯುವ ಪ್ರಯತ್ನ ಬೇಡ, ಒಳಬಾಗಿಗೆ ಅದು ಹೊಂದುವುದೇ ಇಲ್ಲ.

ಶ್ರಮವೆಲ್ಲ ಏತಕ್ಕೆ ಎಂದು ಕೇಳಿದ್ದೀರಿ. ಹೆರೆಯದ ಸಾಧಾರಣ ಕೇಸ್‌ಗಳಲ್ಲಿ ಒಂದೇ ನೆಕ್‌ನ ಸುತ್ತ ಎರಡು ಥೌ ವ್ಯತ್ಯಾಸ ಸಿಗುವುದುಂಟು. ಅದನ್ನು ನೀವು ಒಂದೆರಡು ಟೆಂತ್‌ಗೆ ತಂದಿದ್ದೀರಿ. ಗೋಡೆ ಒಂದು ಬದಿ ದಪ್ಪವಾಗಿದ್ದರೆ ಗುಂಡು ನಳಿಗೆಯ ಅಕ್ಷದಿಂದ ಅರ್ಧ ವ್ಯತ್ಯಾಸದಷ್ಟು ಸರಿದು ಕೂತಿರುತ್ತದೆ. ದಪ್ಪ ಬದಿ ತೆಳು ಬದಿಗಿಂತ ಬಿಗಿಯಾಗಿ ಹಿಡಿಯುತ್ತದೆ, ಬಿಡುವಾಗಲೂ ಒಂದು ಬದಿ ಮೊದಲು ಬಿಡುತ್ತದೆ. 100 ಗಜದಲ್ಲಿ ಐದು ಗುಂಡುಗಳ ಗುಂಪನ್ನು 0.2 ಇಂಚಿನ ಆಸುಪಾಸಿನಲ್ಲಿ ಇಡಬೇಕಾದ ಆಟದಲ್ಲಿ ಇದನ್ನು ಹಾಗೆಯೇ ಬಿಡಲಾಗುವುದಿಲ್ಲ. ಅದಕ್ಕಿಂತ ಮೊದಲ ಕಾರಣ ನಿಮ್ಮ ನಳಿಗೆಯ ಮೇಲೆಯೇ ಕೆತ್ತಿದೆ: 0.262ರ ಚೇಂಬರಿಗೆ ಹೆರೆಯದ ಕೇಸ್ ಗುಂಡು ಕೂರಿಸಿದ ಮೇಲೆ ಹೋಗುವುದೇ ಇಲ್ಲ.

ಕುಲುಮೆ (ಉತ್ತರ)

ಶೋಲ್ಡರಿನ ಪ್ರಶ್ನೆಯನ್ನು ಯಾರೂ ಎತ್ತಿಕೊಂಡಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಸುರಕ್ಷತೆಯ ದೃಷ್ಟಿಯಿಂದ ಈ ಎಳೆಯಲ್ಲಿ ಅದೇ ಹೆಚ್ಚು ತೂಕದ ವಿಷಯ.

1970ರ ದಶಕದಲ್ಲಿ ಲೂ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ರೂಪಿಸಿದ ಪಿಪಿಸಿಯ ಶೋಲ್ಡರ್ 30 ಡಿಗ್ರಿಯದು. ನಿಮ್ಮ ಕೈಯಲ್ಲಿರುವ .220 ರಷ್ಯನ್ ಕೇಸ್‌ನ ಶೋಲ್ಡರ್ ಇನ್ನೂ ಆ ಆಕಾರಕ್ಕೆ ಬಂದಿಲ್ಲ; ಚೇಂಬರಿನಲ್ಲಿ ಹಾರಿಸಿದ ಮೇಲಷ್ಟೇ ಬರುತ್ತದೆ. ಆದ್ದರಿಂದ ಫೈರ್ ಫಾರ್ಮ್ ಆಗದ, ಅಂದರೆ ಹೀಗೆ ಹಾರಿಸಿ ಆಕಾರಕ್ಕೆ ಬಾರದ, ಕೇಸ್‌ನ ಶೋಲ್ಡರಿಗೆ 30 ಡಿಗ್ರಿಯ ಕಟರ್ ಅನ್ನು ಹೊಂದಿಸಲು ಒದ್ದಾಡಬೇಡಿ. ಬಹಳ ಜನ ಅನುಸರಿಸುವ ದಾರಿಯೆಂದರೆ, ನೆಕ್‌ನ ಬುಡದಲ್ಲಿ ಸಣ್ಣ ಉಂಗುರದಷ್ಟು ಭಾಗವನ್ನು ಹೆರೆಯದೆ ಉಳಿಸುವುದು. ಸ್ವಲ್ಪ ಹೆರೆದು ಖಾಲಿ ಕೇಸ್ ಅನ್ನು ಚೇಂಬರಿಗೆ ಹಾಕಿ ನೋಡಿ, ಮತ್ತೆ ಸ್ವಲ್ಪ ಮುಂದೆ ಹೆರೆದು ಮತ್ತೆ ನೋಡಿ. ಬೋಲ್ಟ್ (ಚೇಂಬರಿನ ಹಿಂಬದಿಯನ್ನು ಮುಚ್ಚುವ ದಂಡ) ಮುಚ್ಚುವಾಗ ಕೈಗೆ ತುಸುವೇ ತಡೆ ಸಿಗುವ ಹಂತಕ್ಕೆ ಉಪಕರಣದ ಸ್ಟಾಪ್ ಅನ್ನು ಬಿಗಿಯಿರಿ. ಉಳಿದ ಆ ಉಂಗುರ ಚೇಂಬರಿಗೆ ಆತು ಕೇಸ್ ಅನ್ನು ಬೋಲ್ಟ್‌ನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಹಾರಿಸಿದಾಗ ಕೇಸ್ ಹಿಂದಕ್ಕೆ ಎಳೆದುಕೊಂಡು ಬುಡದ ಬಳಿ ತೆಳುವಾಗುವುದು ತಪ್ಪುತ್ತದೆ, ಉಂಗುರ ಹೊಸ ಶೋಲ್ಡರಿನಲ್ಲಿ ಸೇರಿಹೋಗುತ್ತದೆ. ಹಲವು ಉಪಕರಣಗಳಲ್ಲಿ ಕೇಸ್‌ನ ಬಾಯಿ ತಾಗುವ ಜಾಗವೇ ಸ್ಟಾಪ್ ಆಗಿರುತ್ತದೆ, ಹಾಗಾಗಿ ಉದ್ದ ಒಂದೇ ಇಲ್ಲದಿದ್ದರೆ ಈ ಉಂಗುರ ಒಂದು ಕೇಸ್‌ನಲ್ಲಿ ದಪ್ಪ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ನೀವು ಮೊದಲೇ ಉದ್ದ ಕತ್ತರಿಸುತ್ತಿರುವುದು ಸರಿಯಾದ ಕ್ರಮ.

ಫೈರ್ ಫಾರ್ಮ್ ಆದ ಮೇಲೆ ಮತ್ತೊಮ್ಮೆ ತೆಳುವಾಗಿ ಹೆರೆಯುವುದಾದರೆ, ಆಗ ಕಟರ್‌ನ ಕೋನ ಶೋಲ್ಡರಿನ ಕೋನಕ್ಕೆ ಹೊಂದಬೇಕು ಮತ್ತು ಅದು ಶೋಲ್ಡರನ್ನು ಸೋಕಿದಂತೆ ಹೊಳೆಯುವ ಸಣ್ಣ ಅಂಚು ಕಂಡರೆ ಅಲ್ಲಿಗೆ ನಿಲ್ಲಬೇಕು. ಸೋಕದೆ ಬಿಟ್ಟರೆ ನೆಕ್ ಮತ್ತು ಶೋಲ್ಡರ್ ಕೂಡುವಲ್ಲಿ ದಪ್ಪನೆಯ ಬಳೆ ಉಳಿಯುತ್ತದೆ, ಸೈಜ್ ಮಾಡಿದಾಗ ಅದು ಒಳಕ್ಕೆ ಸರಿದು ಡೋನಟ್ ಎಂದು ಕರೆಯುವ ಉಬ್ಬಾಗುತ್ತದೆ. ಗುಂಡಿನ ಬುಡ ಅಲ್ಲಿಗೆ ತಲುಪಿದರೆ ಹಿಡಿತವೆಲ್ಲ ಅಡ್ಡಾದಿಡ್ಡಿ. ಆಳವಾಗಿ ಕೊರೆದರೆ ಅದಕ್ಕಿಂತ ಕೆಟ್ಟದ್ದು: ಮೂಲೆಯಲ್ಲಿ ಗೀರು ಬಿದ್ದ ಜಾಗದಿಂದ ನೆಕ್ ಬಿರಿದು, ಕೆಲವೊಮ್ಮೆ ಕೇಸ್ ಹೊರಬಂದು ನೆಕ್ ಮಾತ್ರ ಚೇಂಬರಿನಲ್ಲಿ ಉಳಿಯುತ್ತದೆ.

ಈಗ ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋದ ಒಂದು ಅಂಶ. ಬೆಂಚ್‌ರೆಸ್ಟ್‌ನಲ್ಲಿ ಬಳಸುವ ಚಪ್ಪಟೆ ಬುಡದ ಗುಂಡುಗಳಿಗೆ ಬುಡದ ಬಳಿ ಪ್ರೆಶರ್ ರಿಂಗ್ ಇರುತ್ತದೆ, ಅಲ್ಲಿ ವ್ಯಾಸ 0.243ಕ್ಕಿಂತ ಮೂರು ನಾಲ್ಕು ಟೆಂತ್ ಹೆಚ್ಚಿರುವುದು ಸಾಮಾನ್ಯ. ಹಾಗಾಗಿ ನೆಕ್‌ನ ಒಳಗೆ ಆ ರಿಂಗ್ ಕೂತಿರುವ ಜಾಗದಲ್ಲಿ ಹೊರವ್ಯಾಸ 0.260 ಅಲ್ಲ, 0.2604ರ ಹತ್ತಿರ. ಮದ್ದು ಹಾಕದೆ, ಪ್ರೈಮರ್ ಇಡದೆ ಗುಂಡು ಕೂರಿಸಿದ ಒಂದು ಮಾದರಿ ತೋಟಾ ಮಾಡಿ ನೆಕ್‌ನ ಉದ್ದಕ್ಕೂ ಅಳೆಯಿರಿ. ಎಲ್ಲಕ್ಕಿಂತ ದೊಡ್ಡ ಓದನ್ನು 0.262ರಿಂದ ಕಳೆದರೆ ಸಿಗುವುದೇ ನಿಜವಾದ ಸಡಿಲು. ಅದು ಒಂದು ಥೌಗಿಂತ ಕೆಳಗಿಳಿಯುವುದನ್ನು ನಾನು ಒಪ್ಪುವುದಿಲ್ಲ. ಹಾರುವ ಕ್ಷಣದಲ್ಲಿ ನೆಕ್‌ಗೆ ಹಿಗ್ಗಲು ಜಾಗವಿಲ್ಲದಿದ್ದರೆ ಗುಂಡನ್ನು ಅದು ಬಿಡುವುದಿಲ್ಲ, ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಚೇಂಬರಿನ ನೆಕ್‌ನಲ್ಲಿ ಕಟ್ಟುವ ಇಂಗಾಲದ ಪದರವೂ ಈ ಸಡಿಲನ್ನು ತಿನ್ನುತ್ತದೆ, ಆದ್ದರಿಂದ ನಳಿಗೆ ಶುಚಿಗೊಳಿಸುವಾಗ ಆ ಭಾಗವನ್ನು ಮರೆಯಬಾರದು. ಹಾರಿಸಿದ ಕೇಸ್‌ನ ಬಾಯಿಗೆ ಹೊಸ ಗುಂಡೊಂದನ್ನು ಬೆರಳಿನಿಂದ ಬಿಟ್ಟು ನೋಡಿ. ತಡೆಯಿಲ್ಲದೆ ಒಳಗೆ ಜಾರಬೇಕು. ಜಾರದಿದ್ದರೆ ಅದೇ ಅಳತೆಯ ಇನ್ನೊಂದು ತೋಟಾ ಹಾರಿಸಬೇಡಿ. ಬೋಲ್ಟ್ ಮುಚ್ಚಲು ಬಲ ಬೇಕಾದ ತೋಟಾವನ್ನೂ ಬಲವಂತದಿಂದ ಮುಚ್ಚಬೇಡಿ.

ದೂರದೃಷ್ಟಿ (ಉತ್ತರ)

.308ರ ಬಗ್ಗೆ ಚಿಕ್ಕ ಉತ್ತರ: ಅಗತ್ಯವಿಲ್ಲ. ಆ ತೋಟಾದ ನೆಕ್ 0.3435 ಇಂಚಿನವರೆಗೆ ಇರಬಹುದು ಎಂಬುದು ಅಮೆರಿಕದ ಬಂದೂಕು ಮತ್ತು ತೋಟಾ ತಯಾರಕರ ಸಂಸ್ಥೆಯಾದ ಸಾಮಿಯ ಮಾನದಂಡ, ಕಾರ್ಖಾನೆಯ ಚೇಂಬರನ್ನು ಅದಕ್ಕಿಂತ ದೊಡ್ಡದಾಗಿ ಕೊರೆದಿರುತ್ತಾರೆ. ಒಳ್ಳೆಯ ಕೇಸ್‌ನ ಗೋಡೆ 0.015 ಎಂದಿಟ್ಟುಕೊಂಡರೆ ಗುಂಡು ಕೂರಿಸಿದ ನೆಕ್ 0.338 ಆಗುತ್ತದೆ, ಹೆರೆಯುವ ಮೊದಲೇ ಐದು ಥೌಗಿಂತ ಹೆಚ್ಚು ಸಡಿಲಿದೆ. ಅದನ್ನು 0.013ಕ್ಕೆ ಹೆರೆದರೆ ಇನ್ನೂ ನಾಲ್ಕು ಥೌ ಸೇರುತ್ತದೆ. ಪ್ರತಿ ಸಲ ಹಾರಿಸಿದಾಗ ನೆಕ್ ಅಷ್ಟೂ ಹಿಗ್ಗಿ, ಸೈಜ್ ಮಾಡಿದಾಗ ಅಷ್ಟೂ ಕುಗ್ಗಿ, ಬೇಗನೆ ಗಡಸಾಗಿ ಸೀಳುತ್ತದೆ. ಮಾಡಲೇಬೇಕೆನಿಸಿದರೆ ನೆಕ್‌ನ ಉಬ್ಬಿದ ಕಡೆಗಳನ್ನು ಮಾತ್ರ ಕಟರ್ ತಾಗುವಂತೆ, ಸುತ್ತಳತೆಯ ಮುಕ್ಕಾಲು ಪಾಲು ಹೊಳೆಯುವವರೆಗೆ ಹೆರೆದು ಬಿಡಿ; .308ರ ಶೋಲ್ಡರ್ 20 ಡಿಗ್ರಿ, ಕಟರ್ ಬದಲಿಸಲು ಮರೆಯಬೇಡಿ. ನಾನಾದರೆ ಗೋಡೆಯ ವ್ಯತ್ಯಾಸ ಒಂದು ಥೌ ದಾಟಿದ ಕೇಸ್‌ಗಳನ್ನು ಅಭ್ಯಾಸಕ್ಕೆ ಎತ್ತಿಟ್ಟು ಉಳಿದವನ್ನು ಹಾಗೆಯೇ ಬಳಸುತ್ತೇನೆ. ನೆಕ್‌ನಲ್ಲಿ ಒಂದು ಬದಿ ದಪ್ಪವಿರುವ ಕೇಸ್‌ನ ಒಡಲಿನಲ್ಲೂ ಅದೇ ಬದಿ ದಪ್ಪವಿರುವುದು ಹೆಚ್ಚು, ಅದನ್ನು ಯಾವ ಟರ್ನಿಂಗ್ ಉಪಕರಣವೂ ಸರಿಪಡಿಸಲಾರದು.

ಗುರಿಗಾರ

ಎಲ್ಲರಿಗೂ ಧನ್ಯವಾದಗಳು. ಮ್ಯಾಂಡ್ರೆಲ್‌ನ ಹಳದಿ ಪಟ್ಟಿ ಉಕ್ಕಿನ ನಾರಿಗೇ ಬಿಟ್ಟಿತು; ದಪ್ಪ ಲೂಬ್ರಿಕೆಂಟ್ ಹಚ್ಚಿ ಪ್ರತಿ ಕೇಸಿಗೂ ಒರೆಸುತ್ತಾ ಹೆರೆದಾಗ ಅಳತೆ ಮೊದಲಿಂದ ಕೊನೆಯವರೆಗೆ 0.0085ರಲ್ಲೇ ನಿಂತಿತು. ಮಾದರಿ ತೋಟಾದ ಅತಿ ದೊಡ್ಡ ಓದು 0.2603. ಉಳಿದಿರುವುದು ಒಂದೇ ಪ್ರಶ್ನೆ: ಈಗಾಗಲೇ 0.0083ಕ್ಕೆ ಇಳಿದ ಕೇಸ್‌ಗಳನ್ನು ಎಸೆಯಬೇಕೇ?

ಅಳತೆಗಾರ

ಎಸೆಯಬೇಡಿ. ಅವುಗಳ ನೆಕ್ ಗುಂಡಿನೊಂದಿಗೆ 0.2596 ಆಗುತ್ತದೆ, ಸಡಿಲು ಇನ್ನಷ್ಟು ಹೆಚ್ಚಿರುವುದರಿಂದ ಸುರಕ್ಷತೆಯ ಆತಂಕವಿಲ್ಲ. ಒಳಗಿನ ಗೀರುಗಳನ್ನು ನಯವಾದ ಉಕ್ಕಿನ ನಾರು ಸುತ್ತಿದ ಬ್ರಷ್‌ನಿಂದ ತಗ್ಗಿಸಿ. ಹಿಡಿತದ ಲೆಕ್ಕ ಮಾತ್ರ ಬೇರೆಯಾಗುತ್ತದೆ: 0.257ರ ಬುಶಿಂಗ್‌ನಲ್ಲಿ (ನೆಕ್ ಅನ್ನು ಹೊರಗಿನಿಂದ ಕುಗ್ಗಿಸುವ ಉಂಗುರ) ಸೈಜ್ ಮಾಡಿದರೆ 0.0085ರ ಕೇಸ್‌ನ ಒಳವ್ಯಾಸ 0.240, ಇವುಗಳದ್ದು 0.2404, ಗುಂಡಿನ ಮೇಲಿನ ಬಿಗಿ ಮೂರು ಥೌನಿಂದ 2.6 ಥೌಗೆ ಇಳಿಯುತ್ತದೆ. ಬುಶಿಂಗ್‌ನ ನಂತರ ಮ್ಯಾಂಡ್ರೆಲ್ ಹಾಯಿಸಿ ಒಳವ್ಯಾಸವನ್ನು ಒಂದೇ ಮಾಡುವ ಪದ್ಧತಿ ನಿಮ್ಮದಾದರೆ ಈ ಅಂತರ ಬಹುತೇಕ ಇಲ್ಲವಾಗುತ್ತದೆ. ಆದರೂ ಸ್ಪರ್ಧೆಯ ಪೆಟ್ಟಿಗೆಯಲ್ಲಿ ಎರಡನ್ನೂ ಬೆರೆಸಬೇಡಿ. ಬುಡಕ್ಕೆ ಬಣ್ಣದ ಗೆರೆ ಎಳೆದು ಬೇರೆಯಿಡಿ, ಗಾಳಿಯ ಅಂದಾಜಿಗೆ ಹಾರಿಸುವ ಸೈಟರ್ ಗುಂಡುಗಳಿಗೂ ಹೊಸ ನಳಿಗೆಯನ್ನು ಪಳಗಿಸುವುದಕ್ಕೂ ಅವು ಧಾರಾಳವಾಗಿ ಆಗುತ್ತವೆ.